ನಿಮ್ಮ ಡಿಪೆಶ್ ಮೋಡ್ ವಿಮರ್ಶೆ: ಹೀಗೇ ಅಚ್ಚಿಗೆ ಹೋಗದು, ಏಕೆಂದರೆ

ನಮಸ್ಕಾರ.

ಇಂಗ್ಲೆಂಡಿನ ಸಿಂಥ್ ಪಾಪ್ ತಂಡ ಡಿಪೆಶ್ ಮೋಡ್‌ನ ಆರಂಭದ ಸಿಂಗಲ್‌ಗಳ (ಬಿಡಿಯಾಗಿ ಬಿಡುಗಡೆಯಾದ ಹಾಡುಗಳ) ಸಂಕಲನ 'ದಿ ಸಿಂಗಲ್ಸ್ 81–85' ಕುರಿತು ನೀವು ಕಳಿಸಿದ ಬರಹ ಓದಿದೆವು. ಈಗಿರುವಂತೆ ಪ್ರಕಟಿಸಲಾಗುವುದಿಲ್ಲ. ತಿದ್ದಿದರೆ ನಿಲ್ಲುವ ಬರಹ ಅನ್ನಿಸಿದ್ದರಿಂದ ಇಷ್ಟುದ್ದದ ಉತ್ತರ.

ಮೊದಲು ದೊಡ್ಡ ತಪ್ಪು. "1985ರ ಈ ಆಲ್ಬಂ 'ಡ್ರೀಮಿಂಗ್ ಆಫ್ ಮಿ'ಯಿಂದ ಶುರುವಾಗಿ ತಂಡ ಬೆಳೆದ ಬಗೆಯನ್ನು ವರ್ಷವರ್ಷವಾಗಿ ತೋರಿಸುತ್ತದೆ" ಎಂದಿದ್ದೀರಿ. ನಿಮ್ಮ ಕಿವಿಗೆ ಬಿದ್ದಿರುವುದು 1998ರ ಮರುಬಿಡುಗಡೆ. ಹಾಡುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದ್ದು ಆಗಲೇ. 1985ರ ಎಲ್‌ಪಿ ಶುರುವಾಗುವುದು 'ಪೀಪಲ್ ಆರ್ ಪೀಪಲ್'ನಿಂದ. ಅವರ ಮೊಟ್ಟಮೊದಲ ಸಿಂಗಲ್ 'ಡ್ರೀಮಿಂಗ್ ಆಫ್ ಮಿ' ಇರುವುದು ಕಟ್ಟಕಡೆಗೆ. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿದ ಹಾಡು ಮುಂದೆ, 57ರಲ್ಲೇ ನಿಂತ ಹಾಡು ಹಿಂದೆ. ಒಂದು ಮುದ್ರಣ ಅಂಗಡಿಗೆ ಬಂದ ಗಿರಾಕಿಯನ್ನು ನೋಡಿಕೊಂಡು ಕಟ್ಟಿದ್ದು, ಇನ್ನೊಂದು ಆ ತಂಡದ ಚರಿತ್ರೆ ಬೇಕೆನ್ನುವವರಿಗೆ. ಅಮೆರಿಕದಲ್ಲಿ ಇದಕ್ಕೆ ಬದಲಾಗಿ ಸೈರ್ ಎಂಬ ರೆಕಾರ್ಡ್ ಕಂಪನಿ ತಂದದ್ದು 'ಕ್ಯಾಚಿಂಗ್ ಅಪ್ ವಿತ್ ಡಿಪೆಶ್ ಮೋಡ್'. ಅದರಲ್ಲಿ 'ಪೀಪಲ್ ಆರ್ ಪೀಪಲ್' ಇಲ್ಲವೇ ಇಲ್ಲ; ಆ ಹಾಡಿನದೇ ಹೆಸರಿಟ್ಟ ಬೇರೊಂದು ಸಂಕಲನ 1984ರಲ್ಲೇ ಅಲ್ಲಿ ಬಂದಿತ್ತು. ಹಾಗಾಗಿ ಯಾವ ದೇಶದ, ಯಾವ ವರ್ಷದ ಮುದ್ರಣ ಎಂಬುದು ಮೊದಲ ಪ್ಯಾರಾದಲ್ಲೇ ಬರಬೇಕು. ಆಪ್ ತೋರಿಸುವ ಇಸವಿಯನ್ನು ನಂಬಿ ಕೂರಬೇಡಿ. ಕೊನೆಯಲ್ಲಿ 'ಫೋಟೋಗ್ರಾಫಿಕ್' ಹಾಗೂ 'ಜಸ್ಟ್ ಕಾಂಟ್ ಗೆಟ್ ಇನಫ್'ನ ಸ್ಕಿಜೋ ಮಿಕ್ಸ್ ಎಂಬ ಬೇರೆ ರೂಪ ಇದ್ದರೆ ಅದು 1998ರದ್ದು.

ಎರಡನೆಯದು, "ಎಲ್ಲವನ್ನೂ ಕಂಪ್ಯೂಟರ್ ಮಾಡಿಕೊಟ್ಟ ಸಂಗೀತ" ಎಂಬ ಮಾತು. 1981ರ ಹಾಡುಗಳ ಮಟ್ಟಿಗೆ ಇದು ಶುದ್ಧ ತಪ್ಪು. ಅವು ತಯಾರಾದದ್ದು ಲಂಡನ್ನಿನ ಬ್ಲ್ಯಾಕ್‌ವಿಂಗ್ ಸ್ಟುಡಿಯೋದಲ್ಲಿ, ಮ್ಯೂಟ್ ಎಂಬ ರೆಕಾರ್ಡ್ ಕಂಪನಿಯ ಡೇನಿಯಲ್ ಮಿಲ್ಲರ್ ಜೊತೆ, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಅನಲಾಗ್ ಸಿಂಥಸೈಜರ್‌ಗಳ (ಸಿಂಥ್‌ಗಳ) ಮೇಲೆ. ಮಿಲ್ಲರ್ ತಂದ ಆರ್ಪ್ 2600 ಸಿಂಥ್ ಮತ್ತು ಅದಕ್ಕೆ ಜೋಡಿಸಿದ, ಸ್ವರಗಳನ್ನು ಸಾಲಾಗಿ ತಾನೇ ನುಡಿಸುವ ಸೀಕ್ವೆನ್ಸರ್ ಕೆಲಸ ಮಾಡುವ ರೀತಿ ತಿಳಿದರೆ ಹಾಡುಗಳೇ ಬೇರೆಯಾಗಿ ಕೇಳುತ್ತವೆ. ಸೀಕ್ವೆನ್ಸರ್‌ನಲ್ಲಿ ಒಟ್ಟು 16 ಹೆಜ್ಜೆ. ಪ್ರತಿ ಹೆಜ್ಜೆಗೂ ಕೈಯಿಂದ ಹೊಂದಿಸುವ ನಿಯಂತ್ರಣವಿದೆ. ಅದು ಕೊಡುವ ವೋಲ್ಟೇಜ್ ಹೆಚ್ಚಿದರೆ ಸ್ವರ ಏರುತ್ತದೆ, ಇಳಿದರೆ ಇಳಿಯುತ್ತದೆ. ಹದಿನಾರು ಮುಗಿದ ಕೂಡಲೇ ಮತ್ತೆ ಒಂದರಿಂದ. ನಡೆ ಬದಲಾಗಬೇಕಾದರೆ ಕೂತು ಒಂದೊಂದನ್ನೂ ತಿರುಗಿಸಬೇಕು. ಯಂತ್ರ ಬಿಸಿಯಾದಂತೆ ಶ್ರುತಿ ಜಾರುವುದರಿಂದ ಆಗಾಗ ಸರಿಪಡಿಸುತ್ತಲೂ ಇರಬೇಕು. ಹಾರ್ಮೋನಿಯಂನಲ್ಲಿ ಮೂರು ಬೆರಳು ಒಟ್ಟಿಗಿಟ್ಟರೆ ಮೂರು ಸ್ವರ ಬರುತ್ತವೆ. ಆ ಕಾಲದ ಬಹಳಷ್ಟು ಅಗ್ಗದ ಸಿಂಥ್‌ಗಳಲ್ಲಿ ಒಂದು ಹೊತ್ತಿಗೆ ಬರುವುದು ಒಂದೇ. 1981ರ 'ನ್ಯೂ ಲೈಫ್'ನಲ್ಲಿ ತುಂಬು ಸ್ವರಮೇಳದ ಬದಲು ತೆಳ್ಳನೆಯ ಎಳೆಗಳು ಒಂದರ ಸಂದಿಯಲ್ಲಿ ಇನ್ನೊಂದು ಹೊಕ್ಕು ಓಡುವುದಕ್ಕೆ ಇದೂ ಕಾರಣ. ನಿಮಗದು "ಬಾಲಿಶ" ಅನ್ನಿಸಿದೆ. ಅನ್ನಿಸಲಿ, ತೊಂದರೆಯಿಲ್ಲ, ಕಾರಣ ಬರೆಯಿರಿ. ಡ್ರಮ್ಮಿನ ಸದ್ದೂ ಸಿಂಥ್‌ನಿಂದ ಹುಟ್ಟಬಲ್ಲದು: 'ಶ್' ಎನ್ನುವ ನಾಯ್ಸನ್ನು ಫಿಲ್ಟರಿನಲ್ಲಿ ಹಾಯಿಸಿ ಥಟ್ಟನೆ ಕತ್ತರಿಸಿದರೆ ಸ್ನೇರ್ ಡ್ರಮ್ಮಿನ ಸದ್ದು ಸಿಗುತ್ತದೆ.

ನಿಮ್ಮ ಕಂಪ್ಯೂಟರಿನ ಮಾತು ಸ್ವಲ್ಪವಾದರೂ ಹೊಂದುವುದು 1983ರ 'ಎವೆರಿಥಿಂಗ್ ಕೌಂಟ್ಸ್' ಹೊತ್ತಿಗೆ. ಆಗ ಎಮ್ಯುಲೇಟರ್, ಸಿಂಕ್ಲಾವಿಯರ್ ಎಂಬ ಡಿಜಿಟಲ್ ವಾದ್ಯಗಳು ಬಂದಿದ್ದವು. ಹೊರಗಿನ ಸದ್ದು, ಲೋಹಕ್ಕೆ ಬಿದ್ದ ಏಟು, ಎಲ್ಲವನ್ನೂ ಹಿಡಿದು ಕೀಬೋರ್ಡಿನಲ್ಲಿ ನುಡಿಸಬಹುದಿತ್ತು. 'ನ್ಯೂ ಲೈಫ್' ಮುಗಿದ ತಕ್ಷಣ 'ಪೀಪಲ್ ಆರ್ ಪೀಪಲ್' ಹಾಕಿ ಕೇಳಿ. ನಡುವಿನ ಅಂತರ ಬರೀ ಮೂರು ವರ್ಷ. ನಿಮ್ಮ ಲೇಖನದ ಬೆನ್ನೆಲುಬು ಅಲ್ಲಿರಬೇಕಿತ್ತು. ನೀವು ಅದನ್ನು "ನಂತರ ಧ್ವನಿ ಪ್ರೌಢವಾಯಿತು" ಎಂಬ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ.

ಬರೆದವರು ಯಾರೆಂಬುದೂ ಇದಕ್ಕೆ ಸೇರಿಕೊಂಡಿದೆ. ಮೊದಲ ಮೂರು ಸಿಂಗಲ್ ವಿನ್ಸ್ ಕ್ಲಾರ್ಕ್ ಬರೆದದ್ದು. 1981ರ ಕೊನೆಗೆ ಅವರು ತಂಡ ಬಿಟ್ಟರು, ಹಾಡು ಬರೆಯುವ ಹೊಣೆ ಇನ್ನೊಬ್ಬ ಸದಸ್ಯ ಮಾರ್ಟಿನ್ ಗೋರ್ ಮೇಲೆ ಬಿತ್ತು. 1982ರ 'ಸೀ ಯು' ಅಲ್ಲಿಂದ ಮುಂದಿನದು. ಅದರ ಹಿಮ್ಮೇಳದ ದನಿಗಳ ಬಗ್ಗೆ ನೀವು ಬರೆದ ಆರು ಸಾಲು ಇಡೀ ಲೇಖನದಲ್ಲೇ ಚೆಂದ, ಮುಟ್ಟಬೇಡಿ. ಹೊಸ ಸದಸ್ಯ ಆಲನ್ ವೈಲ್ಡರ್ ಸ್ಟುಡಿಯೋದಲ್ಲಿ ಕೈಜೋಡಿಸಿದ್ದು 1983ರ 'ಗೆಟ್ ದ ಬ್ಯಾಲೆನ್ಸ್ ರೈಟ್!'ನಿಂದ. ಕ್ಲಾರ್ಕ್ ಮುಂದೆ ಕಟ್ಟಿದ ಯಾಝೂ, ಇರೇಷರ್ ತಂಡಗಳ ಕುರಿತ ಎರಡು ಪ್ಯಾರಾ ಪೂರ್ತಿ ತೆಗೆಯಿರಿ. ತಂಡದ ಹುಟ್ಟೂರು ಬ್ಯಾಸಿಲ್ಡನ್‌ನ ವರ್ಣನೆ ಒಂದು ವಾಕ್ಯ ಸಾಕು.

ಬರಹದ ತುಂಬ "ಅದ್ಭುತ", "ಮಂತ್ರಮುಗ್ಧ", "ಬೇರೆಯೇ ಲೋಕ". ಇವು ಯಾವ ರೆಕಾರ್ಡಿಗೂ ಅಂಟುತ್ತವೆ. ಹೆಡ್‌ಫೋನ್ ಹಾಕಿಕೊಂಡು ಒಂದು ಸಲ ಬಾಸ್ ಮಾತ್ರ ಹಿಂಬಾಲಿಸಿ, ಇನ್ನೊಂದು ಸಲ ತಾಳದ ಸದ್ದು, ಆಮೇಲೆ ಗಾಯಕ ಡೇವ್ ಗಾಹನ್ ದನಿ. ಬದಲಾವಣೆ ಕೇಳಿದ ಕಡೆ ನಿಮಿಷ-ಸೆಕೆಂಡ್ ಗುರುತು ಹಾಕಿ. ವಿಶೇಷಣ ಬರೆಯುವ ಮುನ್ನ ಆ ಗುರುತಿಗೆ ಹೋಗಿ ನೋಡಿ. ಅಲ್ಲಿ ಏನೂ ಸಿಗದಿದ್ದರೆ ಪದ ಹೊಡೆದುಹಾಕಿ. ಸಿಂಗಲ್ ರೂಪಕ್ಕೂ ಆಲ್ಬಂ ರೂಪಕ್ಕೂ ವ್ಯತ್ಯಾಸವಿರುತ್ತದೆ, ಎರಡನ್ನೂ ಪಕ್ಕಪಕ್ಕ ಕೇಳಿ.

ಒಂದು ಹಾಡನ್ನೂ ಬೈಯಲು ನಿಮಗೆ ಮನಸ್ಸು ಬಂದಿಲ್ಲ. ಆ ರೆಕಾರ್ಡಿನ ಟಿಪ್ಪಣಿಯಲ್ಲೇ ಪ್ರತಿ ಹಾಡಿಗೆ ಒಂದು ಮೆಚ್ಚಿದ, ಒಂದು ತೆಗಳಿದ ವಿಮರ್ಶೆಯನ್ನು ಅಚ್ಚು ಹಾಕಿದ್ದಾರೆ. ಅವರಿಗಿಲ್ಲದ ಸಂಕೋಚ ನಿಮಗ್ಯಾಕೆ? 'ಇಟ್ಸ್ ಕಾಲ್ಡ್ ಎ ಹಾರ್ಟ್' ಈ ಸಾಲಿನಲ್ಲಿ ಪೇಲವ ಎಂಬುದು ನಮ್ಮ ಅಭಿಪ್ರಾಯ. ಒಪ್ಪದಿದ್ದರೆ ವಾದಿಸಿ.

ಹಾಡಿನ ಸಾಹಿತ್ಯವನ್ನು ಚರಣಗಟ್ಟಲೆ ಎತ್ತಿ ಬರೆದಿದ್ದೀರಿ, ಹಕ್ಕುಸ್ವಾಮ್ಯದ ತಕರಾರು ಬರುತ್ತದೆ. ಅನಿವಾರ್ಯವಿದ್ದಲ್ಲಿ ಒಂದು ಸಾಲು. ನೆಟ್‌ನಿಂದ ಇಳಿಸಿದ ತಂಡದ ಫೋಟೋ ಬೇಡ. ಈಗಿನ 1,800 ಪದ 900ಕ್ಕೆ ಇಳಿಯಲಿ, ಅದರಲ್ಲಿ ಅರ್ಧದಷ್ಟು 1981 ಮತ್ತು 1984ರ ಸದ್ದಿನ ಹೋಲಿಕೆಗಿರಲಿ. ಯುನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ, ಪಿಡಿಎಫ್ ಬೇಡ.