ಹಾಡಿಯ ಮಕ್ಕಳು ಕ್ಲಾಸಲ್ಲಿ ಬಾಯೇ ಬಿಡಲ್ಲ, ಅವರಿಗೆ ಶಾಲೆ ನಮ್ಮದು ಅನ್ನಿಸಲು ಯಾವ ಕಾರ್ಯಕ್ರಮ ಮಾಡಬಹುದು?

ಹಾಡಿಯ, ಅಂದರೆ ಕಾಡಂಚಿನ ಆದಿವಾಸಿ ಕೇರಿಯ, ಜೇನುಕುರುಬರ ಮಕ್ಕಳು ಹಿಂದಿನ ಬೆಂಚಲ್ಲಿ ತಲೆ ತಗ್ಗಿಸಿ ಕೂರುತ್ತಾರೆ, ಒಂಬತ್ತನೇ ಕ್ಲಾಸಿಗೆ ಮಾಯ ಅಂದಿರಲ್ಲ, ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಹೋದ ವರ್ಷ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ.

ಎಂಟನೇ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ. ಆಶ್ರಮ ಶಾಲೆಯಿಂದ, ಅಂದರೆ ಆದಿವಾಸಿ ಮಕ್ಕಳ ಸರ್ಕಾರಿ ವಸತಿ ಶಾಲೆಯಿಂದ ಬಂದವನು. ಅಲ್ಲಿ ಎಲ್ಲರೂ ಹಾಡಿಯವರೇ, ಜಗಳ ಆಡೋದೂ ಮನೆಮಾತಲ್ಲೇ. ಇಲ್ಲಿ 40 ಜನರಲ್ಲಿ ಮೂವರು. ಡಿಸೆಂಬರ್‌ನಲ್ಲಿ 11 ದಿನ ನಾಪತ್ತೆ. ಬಂದ ದಿನ ಎಲ್ಲರೆದುರು ನಿಲ್ಲಿಸಿ, ಎಲ್ಲಾ ಮೇಷ್ಟ್ರೂ ಹೇಳೋದನ್ನೇ ಹೇಳಿದೆ: "ಅಪ್ಪನ್ನ ಕರ್ಕೊಂಡು ಬಾ, ಇಲ್ಲಾಂದ್ರೆ ಒಳಗೆ ಬರ್ಬೇಡ."

ಆಮೇಲೆ ಅವನು ಬರಲಿಲ್ಲ. ನಾನು ಮರೆತೂಬಿಟ್ಟೆ. ಫೆಬ್ರವರಿಯಲ್ಲಿ ಬಿಸಿಯೂಟದ ಅಮ್ಮ ಪಾತ್ರೆ ತಿಕ್ಕುತ್ತಾ ಹೇಳಿದರು, "ಮೂರನೇ ದಿನ ಅಪ್ಪನ್ನ ಕರ್ಕೊಂಡು ಬಂದಿದ್ನಲ್ಲ ಸಾರ್. ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಇಬ್ಬರೂ ಕೂತಿದ್ರು, ಊಟದ ಬೆಲ್ ಹೊಡೆಯೋವರೆಗೂ. ಒಳಗೆ ಬನ್ನಿ ಅಂದ್ರೂ ಬರ್ಲಿಲ್ಲ."

ಇದನ್ನು ಬಿಡಿಸಿಯೇ ಹೇಳಬೇಕು, ಯಾಕಂದರೆ ಮೇಲ್ನೋಟಕ್ಕೆ ಇದು ತಪ್ಪು ಅಂತಲೇ ಅನ್ನಿಸಲ್ಲ. ಡಿಸೆಂಬರ್ ಅಂದರೆ ಕೊಡಗಿನಲ್ಲಿ ಕಾಫಿ ಕೊಯ್ಲು. ಅರ್ಧ ಹಾಡಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಲ್ಲಿರುತ್ತೆ, ಮನೆಯಲ್ಲಿ ಒಲೆ ಹಚ್ಚುವವರಿಲ್ಲದೆ ಮಕ್ಕಳೂ ಹೋಗುತ್ತಾರೆ. ಈ ಹುಡುಗ ಅಪ್ಪ ಅಮ್ಮನನ್ನು ಅಲ್ಲೇ ಬಿಟ್ಟು, ಶಾಲೆಗೆ ಅಂತಲೇ ಒಬ್ಬನೇ ಬಸ್ ಹತ್ತಿ ವಾಪಸ್ ಬಂದಿದ್ದ. ನಾನು ಅವನನ್ನು ತಿರುಗಿ ಕೊಡಗಿಗೆ ಕಳಿಸಿದೆ. ಅಪ್ಪ ಎರಡು ದಿನದ ಕೂಲಿ ಬಿಟ್ಟು ಬಂದ, ಆದರೆ ಗೇಟು ದಾಟಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇವರನ್ನು ಕಾಡಿನಿಂದ ಎಬ್ಬಿಸಿದವರೂ ಮೇಜು, ಕುರ್ಚಿ, ರಿಜಿಸ್ಟರ್ ಇಟ್ಟುಕೊಂಡವರೇ ಅಲ್ವಾ? ನಮ್ಮಪ್ಪ ಆದರೆ ಸೀದಾ ಸ್ಟಾಫ್ ರೂಮಿಗೆ ನುಗ್ಗಿ ಟೀ ಕುಡಿದು ಬರುತ್ತಿದ್ದರು, ಎಲ್ಲಾ ಅಪ್ಪಂದಿರೂ ಹಾಗೇ ಅಂದುಕೊಂಡಿದ್ದೆ. ಇನ್ನೊಂದು, ‘ಒಳಗೆ ಬರ್ಬೇಡ’ ಅಂದಿದ್ದು ಸುಮ್ನೆ ಗದರೋಕೆ. ಊರಿನ ಮಕ್ಕಳಿಗೆ ಅದು ಗೊತ್ತು, ಮಾರನೇ ದಿನ ಹಲ್ಲು ಕಿರಿಯುತ್ತಾ ಬಂದು ಕೂರುತ್ತವೆ. ಅವನು ಮಾತನ್ನು ಮಾತು ಅಂತಲೇ ತಗೊಂಡ.

ಆದ್ದರಿಂದ ಕಾರ್ಯಕ್ರಮದ ಯೋಚನೆ ಬಿಡಿ. ಆಗಸ್ಟ್ 9, ವಿಶ್ವ ಆದಿವಾಸಿ ದಿನ ಬಂತು ಅಂತ ಸೊಪ್ಪು ಕಟ್ಟಿಸಿ ಕುಣಿಸೋದಂತೂ ಬೇಡವೇ ಬೇಡ. ಸ್ಕಾಲರ್‌ಶಿಪ್ ಫಾರಂ ಕೊಡುವಾಗ ‘ಎಸ್‌ಟಿಯವರು ಎದ್ದೇಳಿ’ ಅನ್ನಬೇಡಿ. ಭಾನುವಾರ ಹಾಡಿಗೆ ಹೋಗಿ, ಹಾಜರಿ ಪುಸ್ತಕ ತಗೊಂಡಲ್ಲ, ಬರಿಗೈಲಿ. ಮೊದಲು ಹಾಡಿಯ ಹಿರಿಯ ಯಜಮಾನರನ್ನು ಕಂಡು ಕೂತು ಮಾತಾಡಿ. ನಾನು ತಡವಾಗಿ ಹೋದೆ. ಹುಡುಗನ ಅಪ್ಪ ಕರಿ ಟೀ ಕೊಟ್ಟ, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನವೆಂಬರ್‌ನಲ್ಲೇ ಯಾರು ಯಾವ ಎಸ್ಟೇಟಿಗೆ ಅಂತ ಕೇಳಿ ಅಲ್ಲಿ ಲೆಕ್ಕ ಬರೆಯುವ ರೈಟರ್‌ನ ಫೋನ್ ನಂಬರ್ ಬರೆದಿಟ್ಟುಕೊಳ್ಳಿ, ಮಕ್ಕಳಿಗೆ ಹಾಸ್ಟೆಲ್ ಸೀಟಿಗೆ ಓಡಾಡಿ. ಇದಿಷ್ಟೂ ನಿಮ್ಮದೇ ಕೆಲಸ, ಮಕ್ಕಳದ್ದಲ್ಲ.

ಮತ್ತೆ ಅವರು ಮಾತಾಡಲ್ಲ ಅನ್ನೋದು ಸುಳ್ಳು. ಜೂನ್‌ನಲ್ಲಿ ಆ ಹುಡುಗನ ತಂಗಿ ಎಂಟಕ್ಕೆ ಸೇರಿದಳು. ಹಾಡಿಯಲ್ಲಿ ನನ್ನನ್ನು ನೋಡಿದ್ದಳು. ಒಂದು ದಿನ ಪರಾಗಸ್ಪರ್ಶದ ಪಾಠದಲ್ಲಿ ಬೋರ್ಡ್ ಮೇಲೆ ಹೆಜ್ಜೇನು ಬರೆದು, ಇದನ್ನು ಪೆಟ್ಟಿಗೆಯಲ್ಲೂ ಸಾಕುತ್ತಾರೆ ಅಂದೆ. ಹಿಂದಿನಿಂದ ದನಿ ಬಂತು: "ಇಲ್ಲ ಸಾರ್, ಅದು ಪೆಟ್ಟಿಗೇಲಿ ನಿಲ್ಲಲ್ಲ. ತುಡುವೆ ನಿಲ್ಲುತ್ತೆ." ಚಾಕ್‌ಪೀಸ್ ಅವಳ ಕೈಗೇ ಕೊಟ್ಟೆ. ಕೋಲುಜೇನು, ನಸರುಜೇನು ಅಂತ ಬರೆದು, ನಸರು ಚುಚ್ಚಲ್ಲ ಅಂತಲೂ ಹೇಳಿದಳು. ಮುಂದಿನ ಬೆಂಚಿನವರು ನೋಟ್ಸ್ ಬರೆದುಕೊಂಡರು.

ಹುಡುಗ ಮಾತ್ರ ವಾಪಸ್ ಬರಲಿಲ್ಲ. ಒಮ್ಮೆ ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್‌ ಅನ್ನೋ ಊರಲ್ಲಿ ಸಿಕ್ಕ, ಶುಂಠಿ ಕೀಳುವ ಕೆಲಸದಿಂದ ಬರುತ್ತಿದ್ದ, ಕಾಲೆಲ್ಲ ಮಣ್ಣು. ಟೀ ಕುಡಿಯೋಣ ಬಾ ಅಂದೆ. ಅಂಗಡಿಯ ಹೊರಗೇ ನಿಂತ. ನಾನೇ ಎರಡು ಲೋಟ ಹಿಡಿದು ಹೊರಗೆ ಬಂದೆ.