ಬೋಟಿನ ಹೊಗೆಕೊಳವೆಯಿಂದ ನೀರು ಕಡಿಮೆ, ಹಬೆ ಹೆಚ್ಚು: ಎಂಜಿನ್ ಬಿಚ್ಚಿಸಬೇಕೇ?

ಸದ್ಯಕ್ಕೆ ಬಿಚ್ಚಿಸಬೇಡಿ.

ನೀವು ಬರೆದದ್ದು ಇಷ್ಟು: ಕಾಳಿ ನದಿಯ ಅಳಿವೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಫೈಬರ್ ಬೋಟು, ಒಳಗೆ ಕೂರಿಸಿದ ಡೀಸೆಲ್ ಎಂಜಿನ್. ಹಿಂಬದಿಯ ಕೊಳವೆಯಿಂದ ಮೊದಲಿನಷ್ಟು ನೀರು ಬೀಳುತ್ತಿಲ್ಲ, ಬಿಳಿ ಹಬೆ ಏಳುತ್ತದೆ, ರಬ್ಬರ್ ಸುಟ್ಟ ವಾಸನೆ ಬರುತ್ತದೆ, ಎಂಜಿನ್ ಕೋಣೆಯ ಗೋಡೆಗೆ ಮಸಿ ಹಿಡಿದಿದೆ. ಬಂದರಿನ ಮೆಕ್ಯಾನಿಕ್ ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿಸಿ ಎಂದಿದ್ದಾರೆ. ಇದರಲ್ಲಿ ರಿಂಗಿನ ಸುಳಿವೇ ನನಗೆ ಕಾಣುತ್ತಿಲ್ಲ. ರಿಂಗ್ ಹೋದರೆ ಹೊಗೆ ನೀಲಿಯಾಗುತ್ತದೆ, ಎಣ್ಣೆ ಇಳಿಯುತ್ತಾ ಹೋಗುತ್ತದೆ. ನಿಮ್ಮದರಲ್ಲಿ ಎಣ್ಣೆ ಇಳಿದಿಲ್ಲ ಎಂದು ನೀವೇ ಹೇಳಿದ್ದೀರಿ.

ಆ ಮೆಕ್ಯಾನಿಕ್ ದಡ್ಡರೆಂದು ನಾನು ಹೇಳುವುದಿಲ್ಲ. ನಮ್ಮ ಕರಾವಳಿಯ ಟ್ರಾಲ್ ಬೋಟುಗಳಲ್ಲಿ ಹೊಗೆ ಸಾಮಾನ್ಯವಾಗಿ ಒಣ ಕೊಳವೆಯಲ್ಲಿ ನೇರ ಮೇಲೆ ಹೋಗುತ್ತದೆ. ಅದನ್ನೇ ನೋಡುತ್ತಾ ಬಂದವರು ಹೊಗೆಯ ಬಣ್ಣ ನೋಡಿ ಎಂಜಿನ್‌ನ ಒಳಗನ್ನು ಅನುಮಾನಿಸುತ್ತಾರೆ. ನಿಮ್ಮದು ಒದ್ದೆ ಎಗ್ಸಾಸ್ಟ್, ಅಂದರೆ ಹೊಗೆಗೆ ನೀರು ಬೆರೆಸಿ ತಣಿಸಿ ಹೊರಬಿಡುವ ವ್ಯವಸ್ಥೆ. ಅದರ ಅರ್ಧ ಭಾಗ ನೀರಿನ ವ್ಯವಸ್ಥೆ. ಆದ್ದರಿಂದ ಹೊಗೆಯನ್ನು ಬಿಟ್ಟು ನೀರಿನ ಜಾಡು ಹಿಡಿಯಿರಿ.

ಅದಕ್ಕೂ ಮೊದಲು ಒಂದು ಮಾತು. ಪ್ರಯಾಣಿಕರೊಬ್ಬರು ತಲೆನೋವು ಎಂದರು ಎಂದು ನೀವು ಕೊನೆಯಲ್ಲಿ ಸುಮ್ಮನೆ ಸೇರಿಸಿದ್ದೀರಿ. ನನಗೆ ಅದೇ ಎಲ್ಲಕ್ಕಿಂತ ದೊಡ್ಡ ವಿಷಯ. ಕೋಣೆಯೊಳಗೆ ಮಸಿ ಬಿದ್ದಿದೆ ಎಂದರೆ ಅಲ್ಲಿ ಹೊಗೆ ಸೋರುತ್ತಿದೆ, ಹೊಗೆಯ ಜೊತೆಗೆ ಕಾರ್ಬನ್ ಮೊನಾಕ್ಸೈಡೂ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಡೀಸೆಲ್ ಎಂಜಿನ್ ಪೆಟ್ರೋಲ್‌ನಷ್ಟು ಉಗುಳುವುದಿಲ್ಲ ನಿಜ, ಆದರೆ ಮುಚ್ಚಿದ ಕ್ಯಾಬಿನ್‌ಗೆ ಅಷ್ಟು ಬೇಕಾಗಿಯೂ ಇಲ್ಲ. ಬೋಟು ಸಾಗುವಾಗ ಹಿಂಬದಿಯ ಗಾಳಿ ಸುಳಿಯಾಗಿ ಹೊಗೆಯನ್ನು ಒಳಕ್ಕೇ ಎಳೆದುಕೊಳ್ಳುತ್ತದೆ. ದುರಸ್ತಿಯಾಗುವವರೆಗೆ ಜನರನ್ನು ಹತ್ತಿಸಬೇಡಿ.

ಇನ್ನು ನೀರಿನ ದಾರಿ. ತಳದ ವಾಲ್ವ್‌ನಿಂದ ಒಳಬಂದ ಉಪ್ಪುನೀರು ಜಾಲರಿ ದಾಟಿ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ಇರುವ ಪಂಪಿಗೆ, ಅಲ್ಲಿಂದ ಎಂಜಿನ್‌ನ ಶಾಖ ಹೀರುವ ಹೀಟ್ ಎಕ್ಸ್‌ಚೇಂಜರ್‌ಗೆ, ಕೊನೆಗೆ ಎಂಜಿನ್‌ನಿಂದ ಹೊಗೆ ಹೊರಡುವಲ್ಲಿರುವ ಬಾಗಿದ ಕೊಳವೆಗೆ, ಅಂದರೆ ಎಲ್ಬೋಗೆ ಬರುತ್ತದೆ. ಎಲ್ಬೋದಲ್ಲಿ ಅದು ಬಿಸಿ ಹೊಗೆಯೊಂದಿಗೆ ಬೆರೆತು ಅದನ್ನು ತಣಿಸುತ್ತದೆ. ಎಂಜಿನ್ ಪೂರ್ತಿ ಭಾರ ಎಳೆಯುವಾಗ ಹೊಗೆಯ ಉಷ್ಣತೆ 400 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಎಲ್ಬೋದ ಆಚೆಗಿರುವುದು ರಬ್ಬರ್ ಹೋಸ್ ಮತ್ತು ಫೈಬರ್ ಅಥವಾ ಪ್ಲಾಸ್ಟಿಕ್‌ನ, ಸದ್ದು ತಗ್ಗಿಸುವ ಮಫ್ಲರ್. ನೀರು ಕಡಿಮೆಯಾದರೆ ಇವು ಬೇಯುತ್ತವೆ. ನಿಮಗೆ ಬರುತ್ತಿರುವ ವಾಸನೆ ಅದೇ.

ವಾಲ್ವ್ ಮುಚ್ಚಿ ಮೊದಲು ಜಾಲರಿ ನೋಡಿ. ಅಳಿವೆಯಲ್ಲಿ ಪ್ಲಾಸ್ಟಿಕ್ ಚೀಲ, ಎಲೆ, ಚಿಪ್ಪು ಏನು ಬೇಕಾದರೂ ಸಿಗುತ್ತದೆ. ಬಳಿಕ ಪಂಪಿನ ಮುಚ್ಚಳ ತೆಗೆಯಿರಿ. ಇಂಪೆಲ್ಲರ್ ನೀರಿಲ್ಲದೆ ಒಂದೆರಡು ನಿಮಿಷ ತಿರುಗಿದರೂ ಅದರ ರೆಕ್ಕೆಗಳು ಹರಿಯಬಹುದು. ಹರಿದಿದ್ದರೆ ಹೊಸದು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಾಣೆಯಾದ ತುಂಡುಗಳು ನೀರಿನ ಜೊತೆ ಮುಂದೆ ಹೋಗಿ ಹೀಟ್ ಎಕ್ಸ್‌ಚೇಂಜರ್‌ನ ಬಾಯಲ್ಲಿ ಕೂತಿರುತ್ತವೆ. ಎಲ್ಲ ತುಂಡುಗಳು ಕೈಗೆ ಸಿಗುವವರೆಗೆ ಹುಡುಕಿ.

ಪಂಪ್ ಸರಿಯಿದ್ದರೆ ಎಲ್ಬೋವೇ ಆರೋಪಿ. ನಿಮ್ಮ ವಿವರಣೆ ನೋಡಿದರೆ ನನ್ನ ಅನುಮಾನ ಇಲ್ಲಿಯೇ ಹೆಚ್ಚು. ಎರಕದ ಕಬ್ಬಿಣ, ಬಿಸಿ, ಉಪ್ಪು, ಹೊಗೆಯ ಆಮ್ಲ ಒಂದೇ ಕಡೆ ಸೇರಿದರೆ ಕಬ್ಬಿಣ ಎಷ್ಟು ಕಾಲ ಬಾಳೀತು? ನೀರು ಹಾಯುವ ದಾರಿ ಉಪ್ಪಿನ ಹಕ್ಕಳೆಯಿಂದ, ಹೊಗೆಯ ದಾರಿ ಮಸಿಯ ಕಿಟ್ಟದಿಂದ ಕಟ್ಟುತ್ತಾ ಬರುತ್ತದೆ. ಹೊರಗಿನಿಂದ ನೋಡಿದರೆ ಬಣ್ಣ ಮಾಸದೆ ಚೆನ್ನಾಗಿಯೇ ಇರುತ್ತದೆ, ಅದೇ ಮೋಸ. ಜೋಡಣೆಯ ಕೆಳಗೆ ಬಿಳಿ ಉಪ್ಪಿನ ಗೆರೆ ಇದ್ದರೆ ನೀರು ಜಿನುಗಿದೆ, ಕಪ್ಪು ಗೆರೆ ಇದ್ದರೆ ಹೊಗೆ ಸೋರಿದೆ.

ಬಿಚ್ಚುವಾಗ ಆತುರ ಬೇಡ. ತುಕ್ಕು ಹಿಡಿದ ಸ್ಟಡ್ (ಎಲ್ಬೋ ಹಿಡಿದಿರುವ ಬೋಲ್ಟು) ಮುರಿದರೆ ಒಂದು ದಿನದ ಕೆಲಸ ವಾರವಾಗುತ್ತದೆ. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಎಲ್ಬೋ ಕೈಗೆ ಬಂದ ಮೇಲೆ ಹೊಗೆಯ ಬಾಯಿಗಳನ್ನು ತೆರೆದಿಟ್ಟು ನೀರಿನ ತೂತಿಗೆ ನೀರು ಹೊಯ್ಯಿರಿ. ಹೋಸ್ ಕಡೆಯ ಬಾಯಿಂದ ಮಾತ್ರ ಧಾರಾಳವಾಗಿ ಬರಬೇಕು. ಎಂಜಿನ್ ಕಡೆಯ ಬಾಯಲ್ಲಿ ಹನಿ ಕಂಡರೂ ಒಳಗಿನ ಗೋಡೆ ತೂತಾಗಿದೆ ಎಂದರ್ಥ. ಆ ನೀರು ಮುಂದೊಂದು ದಿನ ಸಿಲಿಂಡರ್ ಸೇರುತ್ತದೆ. ನೀರು ಒತ್ತಿದರೆ ಕುಗ್ಗುವುದಿಲ್ಲ, ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಜವಾದ ಓವರ್‌ಹಾಲ್ ಬರುವುದು ಆಗ.

ತೂತಾದ ಎಲ್ಬೋಗೆ ಎಪಾಕ್ಸಿ ಮೆತ್ತುವುದು, ವೆಲ್ಡಿಂಗ್ ಮಾಡಿಸುವುದು ಎರಡನ್ನೂ ನಾನು ಒಪ್ಪುವುದಿಲ್ಲ. ಅದು ಸವೆದು ಹೋಗಲೆಂದೇ ಇರುವ ಭಾಗ. ಬರೀ ಕಟ್ಟಿಕೊಂಡಿದ್ದರೆ ಕೆರೆದು, ತಿಳಿ ಆಮ್ಲದಲ್ಲಿ ನೆನೆಸಿ ತೊಳೆಯಬಹುದು. ತೊಳೆದ ಮೇಲೆ ಗೋಡೆ ತೆಳುವಾಗಿ ಕಂಡರೆ ಹೊಸದನ್ನೇ ತರಿಸಿ. ಗ್ಯಾಸ್ಕೆಟ್ ಹಳೆಯದನ್ನು ಮತ್ತೆ ಹಾಕಬೇಡಿ.

ಹೋಸ್ ವಿಷಯದಲ್ಲಿ ಕಂಜೂಸಿತನ ಬೇಡ. ಲಾರಿಯ ರೇಡಿಯೇಟರ್ ಹೋಸ್ ಅಳತೆಗೆ ಸರಿಹೊಂದುತ್ತದೆ ಎಂದು ಹಾಕುವವರಿದ್ದಾರೆ. ಬೋಟಿನ ಎಗ್ಸಾಸ್ಟ್‌ಗೆಂದೇ ಮಾಡಿದ, ಎಸ್‌ಎಇ ಜೆ 2006 ಎಂಬ ಮಾನದಂಡದ ಗುರುತು ಅಚ್ಚಾದ ಹೋಸ್ ಕೇಳಿ ತನ್ನಿ. ಪ್ರತಿ ತುದಿಗೆ 316 ದರ್ಜೆಯ ಸ್ಟೇನ್‌ಲೆಸ್ ಕ್ಲ್ಯಾಂಪ್ ಎರಡೆರಡು. ಹಳೆಯ ಹೋಸಿನ ಒಳಪದರ ಎದ್ದು ದಾರಿ ಮುಚ್ಚಿರುವುದೂ ಉಂಟು, ಬೆರಳು ಹಾಕಿ ನೋಡಿ. ಮಫ್ಲರ್‌ನ ತಳ ಮೆತ್ತಗಾಗಿದ್ದರೆ ಅದೂ ಹೋಗಿದೆ.

ಜೋಡಿಸಿದ ಮೇಲೆ ಸ್ಟಾರ್ಟ್ ಆಗದಿದ್ದರೆ ಸೆಲ್ಫ್ ಹೊಡೆಯುತ್ತಲೇ ಇರಬೇಡಿ. ಎಂಜಿನ್ ಹೊತ್ತಿಕೊಳ್ಳದಿದ್ದರೂ ಪಂಪ್ ನೀರು ತಳ್ಳುತ್ತಿರುತ್ತದೆ, ಅದನ್ನು ಹೊರಗೆ ಊದಲು ಹೊಗೆಯ ಒತ್ತಡ ಇರುವುದಿಲ್ಲ; ಮಫ್ಲರ್ ತುಂಬಿ ನೀರು ಹಿಂದಕ್ಕೆ ಎಂಜಿನ್‌ಗೇ ಏರುತ್ತದೆ. ಎರಡು ಮೂರು ಸಲಕ್ಕೆ ಹಿಡಿಯದಿದ್ದರೆ ವಾಲ್ವ್ ಮುಚ್ಚಿ, ಮಫ್ಲರ್‌ನ ನೀರು ಬಸಿದು ಮುಂದುವರಿಯಿರಿ. ಹೊತ್ತಿಕೊಂಡ ತಕ್ಷಣ ವಾಲ್ವ್ ತೆರೆಯಲು ಮರೆಯಬಾರದು. ನಂತರ ಬೋಟನ್ನು ಧಕ್ಕೆಗೆ (ಜೆಟ್ಟಿಗೆ) ಗಟ್ಟಿಯಾಗಿ ಕಟ್ಟಿಕೊಂಡೇ ಗೇರಿಗೆ ಹಾಕಿ ಸ್ವಲ್ಪ ಹೊತ್ತು ಓಡಿಸಿ. ಎಲ್ಬೋದ ಮುಂದಿನ ಹೋಸ್ ಮೇಲೆ ಕೈ ಇಟ್ಟುಕೊಂಡಿರಲು ಆಗಬೇಕು. ಚುರುಕ್ಕೆಂದು ಕೈ ಹಿಂದೆ ಬಂದರೆ ನೀರು ಇನ್ನೂ ಸಾಲುತ್ತಿಲ್ಲ. ಕ್ಲ್ಯಾಂಪ್‌ಗಳನ್ನು ಬಿಸಿ ಆರಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಹೋಸಿನ ಉಷ್ಣತೆ ಏರಿದರೆ ಕೂಗುವ ಅಲಾರಂ ಸಿಗುತ್ತದೆ, ಕ್ಯಾಬಿನ್‌ಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ. ಜನರನ್ನು ಕರೆದೊಯ್ಯುವ ಬೋಟಿನಲ್ಲಿ ಎರಡೂ ಇರಲೇಬೇಕು ಎಂಬುದು ನನ್ನ ಹಟ.

ಮಳೆಗಾಲದಲ್ಲಿ ಬೋಟು ನಿಲ್ಲಿಸುವ ಮುನ್ನ ಸಿಹಿನೀರು ಹಾಯಿಸಿ, ಇಂಪೆಲ್ಲರ್ ಹೊರತೆಗೆದಿಡಿ. ತಿಂಗಳುಗಟ್ಟಲೆ ಉಪ್ಪುನೀರು ಎಲ್ಬೋದಲ್ಲಿ ನಿಂತರೆ ಓಡುವಾಗ ಆಗುವುದಕ್ಕಿಂತ ಹೆಚ್ಚು ಹಾನಿ ಆಗುತ್ತದೆ.

ಈ ರಗಳೆಯೇ ಬೇಡ, ಟ್ರಾಲ್ ಬೋಟಿನ ಹಾಗೆ ಒಣ ಕೊಳವೆ ಹಾಕಿಸಿಬಿಡಲೇ ಎಂದೂ ಕೇಳಿದ್ದೀರಿ. ಬೇಡ. ಒಣ ಕೊಳವೆಗೆ ಉದ್ದಕ್ಕೂ ಶಾಖ ತಡೆಯುವ ಹೊದಿಕೆ ಬೇಕು, ಫೈಬರ್ ಗೋಡೆ, ಚಾವಣಿಗಳಿಂದ ದೂರ ಬೇಕು. ನಿಮ್ಮ ಬೋಟಿನಲ್ಲಿ ಅದು ಹಾಯುವ ಜಾಗದಲ್ಲೇ ಪ್ರಯಾಣಿಕರು ಕೂರುತ್ತಾರೆ.