ಮಡಚಿದ ಮುಷ್ಟಿಯನ್ನು ಬಿಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಮಾವನವರಿಗೆ 61 ವರ್ಷ. ಐದು ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿತು. ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಆದರೆ ಮೊದಲು ಜೋತುಬಿದ್ದಿದ್ದ ಬಲಗೈ ಈಗ ಮೊಣಕೈಯಲ್ಲಿ ಮಡಚಿಕೊಂಡು ಮುಷ್ಟಿ ಬಿಗಿದಿದೆ, ತೋಳು ಸಣ್ಣಗಾಗಿದೆ. ದಿನಕ್ಕೆರಡು ಸಲ ಎಣ್ಣೆ ತಿಕ್ಕುತ್ತೇವೆ, ರಬ್ಬರ್ ಚೆಂಡು ಅದುಮಿಸುತ್ತೇವೆ. ನರ ಒಣಗಿದೆ, ಇನ್ನು ಪ್ರಯೋಜನವಿಲ್ಲ ಎಂದು ಊರಿನವರು ಹೇಳುತ್ತಾರೆ. ನಿಜವೇ?
– ಓದುಗರು, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ

ಉತ್ತರ: ನಿಜವಲ್ಲ. ನಿಮ್ಮ ಮಾವನವರ ಕೈಯ ನರಗಳು ಒಣಗಿಲ್ಲ, ಪೆಟ್ಟು ಬಿದ್ದಿರುವುದು ಮಿದುಳಿಗೆ. ಮೊದಮೊದಲು ಮಿದುಳಿನ ಅಪ್ಪಣೆ ತಲುಪದೆ ಕೈ ಜೋತುಬೀಳುತ್ತದೆ. ಕೆಲವು ವಾರಗಳು ಕಳೆದ ಮೇಲೆ, ಮಿದುಳಿನ ಹಿಡಿತ ತಪ್ಪಿದ ಬೆನ್ನುಹುರಿಯ ಪ್ರತಿಕ್ರಿಯೆಗಳು ಅತಿಯಾಗಿ, ಮಡಚುವ ಸ್ನಾಯುಗಳನ್ನು ಬಿಗಿಹಿಡಿಯುತ್ತವೆ. ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ಸದ್ದಿಲ್ಲದೆ ನಡೆಯುತ್ತದೆ: ತಿಂಗಳುಗಟ್ಟಲೆ ಮಡಚಿಕೊಂಡೇ ಇದ್ದ ಸ್ನಾಯುವಿನ ಎಳೆಗಳು ಉದ್ದದಲ್ಲಿ ಕುಗ್ಗಿ, ಅವುಗಳ ನಡುವೆ ಕೊಬ್ಬು ಮತ್ತು ನಾರಿನಂಥ ಅಂಗಾಂಶ ಸೇರಿ, ಕೈ ಗಡುಸಾಗುತ್ತದೆ. ಕೆಲಸವಿಲ್ಲದ ಸ್ನಾಯು ಸೊರಗುವುದೂ ಸಹಜ. ಹೆಚ್ಚು ದಿನ ಮಲಗಿದ್ದವರಲ್ಲಿ ಲಕ್ವ ತಗುಲದ ಕಾಲೂ ತೆಳ್ಳಗಾಗುತ್ತದೆ.

ಈ ಎರಡು ಬಿಗಿತಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಮುಖ್ಯ. ಕೈಯನ್ನು ಥಟ್ಟನೆ ಎಳೆದಾಗ ಸೆಟೆದುಕೊಂಡು, ನಿಧಾನವಾಗಿ ಎಳೆದಾಗ ಸಡಿಲಾಗುವುದಾದರೆ ಅದು ಮುಖ್ಯವಾಗಿ ನರಗಳ ಪ್ರಚೋದನೆಯಿಂದ ಬಂದ ಬಿಗಿತ. ಎಷ್ಟು ನಿಧಾನವಾಗಿ ಬಿಡಿಸಿದರೂ ಒಂದೇ ಜಾಗದಲ್ಲಿ ನಿಂತುಬಿಟ್ಟರೆ ಸ್ನಾಯುವೋ ಕೀಲೋ ಕುಗ್ಗಿದೆ ಎಂದರ್ಥ. ಐದು ತಿಂಗಳಲ್ಲಿ ಎರಡೂ ಸ್ವಲ್ಪ ಸ್ವಲ್ಪ ಬೆರೆತಿರುವುದೇ ಹೆಚ್ಚು.

ಮುಷ್ಟಿ ಬಿಡಿಸುವಾಗ ಬೆರಳ ತುದಿಗಳನ್ನು ಹಿಡಿದು ಜಗ್ಗಬೇಡಿ. ಮೊದಲು ಅವರ ಮಣಿಕಟ್ಟನ್ನು ಅಂಗೈ ಕಡೆಗೆ ಮೆಲ್ಲಗೆ ಬಾಗಿಸಿ, ಆಗ ಬೆರಳುಗಳು ತಾವಾಗಿ ಸಡಿಲವಾಗುತ್ತವೆ. ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಹೊರಕ್ಕೆ ತನ್ನಿ, ಉಳಿದ ಬೆರಳುಗಳನ್ನು ಬಿಡಿಸಿ, ಆಮೇಲೆ ಮಣಿಕಟ್ಟನ್ನು ನಿಧಾನವಾಗಿ ಮೇಲೆತ್ತಿ ಹಾಗೆಯೇ ಹಿಡಿದಿರಿ. ಅಂಗೈಯ ಮಡಿಕೆಗಳನ್ನು ಒರೆಸಿ ಒಣಗಿಸಿ, ಉಗುರು ಕತ್ತರಿಸಿ; ಬೆವರು ನಿಂತು ಅಲ್ಲಿ ಹುಣ್ಣಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇಷ್ಟರಿಂದಲೇ ಕೈ ಸರಿಹೋಗುವುದಿಲ್ಲ, ಇದು ಕೈಯನ್ನು ಕೆಲಸಕ್ಕೆ ಅಣಿಗೊಳಿಸುವ ಕ್ರಮ ಮಾತ್ರ.

ಚೆಂಡು ಅದುಮಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಅವರಿಗೆ ಕಷ್ಟವಾಗಿರುವುದು ಹಿಡಿಯುವುದಲ್ಲ, ಬಿಡುವುದು. ನಿಮ್ಮ ಕಡೆ ಅವರೆಕಾಯಿ ಕಾಲದಲ್ಲಿ ಮನೆಮಂದಿಯೆಲ್ಲ ಕುಳಿತು ಕಾಯಿ ಸುಲಿಯುತ್ತೀರಲ್ಲ, ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ: ಬಲಗೈ ಮೊರವನ್ನು ಒತ್ತಿ ಹಿಡಿಯಲಿ, ಎಡಗೈ ಸುಲಿಯಲಿ. ಟವೆಲ್ ಮಡಿಸುವುದು, ಮೇಜಿನ ಮೇಲೆ ಲೋಟವನ್ನು ಮುಂದಕ್ಕೆ ತಳ್ಳುವುದು, ಹಿಡಿದ ಕಾಳನ್ನು ಪಾತ್ರೆಗೆ ಬಿಡುವುದು ಕೂಡ ವ್ಯಾಯಾಮವೇ. ಮಿದುಳಿನ ಉಳಿದ ಭಾಗಗಳು ಹೊಸ ದಾರಿ ಕಲಿಯುವುದು ಇಂಥ ಅರ್ಥವುಳ್ಳ ಕೆಲಸವನ್ನು ದಿನಕ್ಕೆ ಹತ್ತಾರಲ್ಲ, ನೂರಾರು ಬಾರಿ ಮಾಡಿದಾಗ. ಪ್ರೀತಿಯಿಂದಲೇ ಆದರೂ ಮನೆಯವರು ಅಂಗಿ ತೊಡಿಸಿ, ತುತ್ತು ಮಾಡಿ ಕೊಟ್ಟು, ಎಲ್ಲವನ್ನೂ ತಾವೇ ಮಾಡಿಬಿಟ್ಟರೆ ಆ ಕಲಿಕೆಗೆ ಅವಕಾಶವೇ ಇರುವುದಿಲ್ಲ. ವೇಗವಾದ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಆಗುತ್ತದೆ ಎಂಬುದು ನಿಜ, ಆದರೆ ಆಮೇಲೆಯೂ ಅದು ನಿಧಾನವಾಗಿ ಮುಂದುವರಿಯುತ್ತದೆ.

ಎಣ್ಣೆ ತಿಕ್ಕುವುದರಿಂದ ಚರ್ಮಕ್ಕೆ ಹಿತ, ಮನಸ್ಸಿಗೂ ಹಿತ, ಜೋರಾಗಿ ತಿಕ್ಕಬೇಡಿ. ಸ್ಪರ್ಶ ಮಂದವಾಗಿದ್ದರೆ ಬಿಸಿನೀರಿನ ಚೀಲದಿಂದ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಪಾರಿವಾಳದ ರಕ್ತ ಹಚ್ಚಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಎಬ್ಬಿಸುವಾಗ ಬಲಗೈ ಹಿಡಿದೆಳೆಯುವುದಂತೂ ಕೂಡದು, ಭುಜದ ಕೀಲು ಜಾರಿ ತಡೆಯಲಾರದ ನೋವು ಶುರುವಾಗುತ್ತದೆ. ಸೊಂಟಕ್ಕೆ ಕೈ ಕೊಟ್ಟು ಎಬ್ಬಿಸಿ.

ಸೊರಗಿದ ಸ್ನಾಯುವಿಗೆ ವ್ಯಾಯಾಮದ ಜೊತೆ ಪ್ರೋಟೀನ್ ಬೇಕು. ಮುದ್ದೆ, ಸೊಪ್ಪಿನ ಸಾರು ಒಳ್ಳೆಯ ಊಟ, ಆದರೆ ಅಷ್ಟೇ ಸಾಲದು. ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ, ನುಂಗಲು ಕಷ್ಟವಿಲ್ಲದಿದ್ದರೆ, ಕಾಳು, ಮೊಟ್ಟೆ ದಿನವೂ ಇರಲಿ. ಮನೆಯಲ್ಲಿ ಕರೆಯುವ ಹಸುವಿದ್ದರೆ ಡೇರಿಗೆ ಹಾಕುವ ಹಾಲಿನಲ್ಲಿ ಒಂದು ಲೋಟ ಅವರಿಗೆ ಎತ್ತಿಡಿ.

ಬಿಗಿತ ಇದ್ದಕ್ಕಿದ್ದಂತೆ ಹೆಚ್ಚಾದರೆ ಬೇರೇನೋ ಕಾರಣವಿದೆಯೇ ಎಂದು ಹುಡುಕಿ: ಮಲಬದ್ಧತೆ, ಮೂತ್ರದ ಸೋಂಕು, ಚರ್ಮದ ಹುಣ್ಣು, ಎಲ್ಲೋ ಒಂದು ನೋವು. ವ್ಯಾಯಾಮದಿಂದ ಬಗ್ಗದ ಬಿಗಿತಕ್ಕೆ ಬ್ಯಾಕ್ಲೋಫೆನ್ ಮಾತ್ರೆ ಕೊಡುವುದುಂಟು. ಅದರಿಂದ ಮಂಪರು ಬರಬಹುದು, ನೀವಾಗಿ ಏಕಾಏಕಿ ನಿಲ್ಲಿಸುವುದು ಅಪಾಯ. ನಿಮ್ಮ ಮಾವನವರಂತೆ ಒಂದು ಕೈಯ ಮಡಚುವ ಸ್ನಾಯುಗಳಷ್ಟೇ ಬಿಗಿದಿರುವಾಗ ಬಿಗಿದ ಸ್ನಾಯುವಿಗೇ ಚುಚ್ಚಿ ಅದನ್ನು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಹೆಚ್ಚು ಸೂಕ್ತ ಎಂದು ನನ್ನ ಅಭಿಪ್ರಾಯ. ಅದರ ಪರಿಣಾಮ ಸುಮಾರು ಮೂರು ತಿಂಗಳು ಮಾತ್ರ ಇರುತ್ತದೆಯಾದ್ದರಿಂದ, ಆ ಅವಧಿಯಲ್ಲಿ ಕೈಗೆ ಕೆಲಸ ಕಲಿಸದಿದ್ದರೆ ಹಣ ವ್ಯರ್ಥ.

ಒಮ್ಮೆ ಕೋಲಾರದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಆಗದ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆಸಿಕೊಳ್ಳಬಹುದು. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್, ಈಗಿನ ಮಾತ್ರೆಗಳ ಜೊತೆಗೆ ಅವರು ದಿನವೂ ಮೆಟ್ಟುವ ಚಪ್ಪಲಿಯನ್ನೂ ತೆಗೆದುಕೊಂಡು ಹೋಗಿ. ಬಲಗಾಲಿನ ಚಪ್ಪಲಿಯ ತುದಿ ಸವೆದಿದ್ದರೆ ನಡೆಯುವಾಗ ಪಾದ ನೆಲಕ್ಕೆ ಉಜ್ಜುತ್ತಿದೆ ಎಂಬುದು ಫಿಸಿಯೋಥೆರಪಿಸ್ಟ್‌ಗೆ ಗೊತ್ತಾಗುತ್ತದೆ, ಪಾದವನ್ನು ಎತ್ತಿ ಹಿಡಿಯುವ ಪಟ್ಟಿ ಬೇಕೇ ಎಂದು ಆಗಲೇ ನಿರ್ಧರಿಸಬಹುದು.